ಪೇಟಿಯ ಕೆಳಗೆ ಸಿಕ್ಕ ದನಿ

ಯಲಹಂಕ ಓಲ್ಡ್ ಟೌನಿನ ಬಜಾರ್ ರಸ್ತೆಯಲ್ಲಿ ನನ್ನದೊಂದು ವಾದ್ಯದ ಅಂಗಡಿ. ತಮಟೆಯಿಂದ ಹಿಡಿದು ಕೀಬೋರ್ಡಿನವರೆಗೆ ಏನು ಕೇಳಿದರೂ ಇದೆ ಅನ್ನುತ್ತೇನೆ. ಇಲ್ಲದ್ದನ್ನು ಸಂಜೆಯೊಳಗೆ ಎಲ್ಲಿಂದಾದರೂ ತರಿಸುತ್ತೇನೆ. ಗಿರಾಕಿಯ ಮುಂದೆ ಇಲ್ಲ ಅನ್ನಬಾರದು ಎನ್ನುವುದು ನಮ್ಮಪ್ಪ ಮುನಿರಾಮಯ್ಯ ಅಲ್ಲಾಳಸಂದ್ರದಿಂದ ಸೊಪ್ಪು ತಂದು ಮಾರುತ್ತಿದ್ದ ಕಾಲದಿಂದ ಬಂದ ಪಾಠ. ಆ ಪಾಠವನ್ನು ನಾನು ವರ್ಷ ವರ್ಷವೂ ಮುರಿಯುತ್ತಾ ಬಂದದ್ದು ಒಬ್ಬನೇ ಒಬ್ಬನ ಮುಂದೆ. ಅವನು ಸಿದ್ದಲಿಂಗ, ನನ್ನ ಅಂಗಡಿಯ ಮೇಲಿನ ಕೋಣೆಯ ಬಾಡಿಗೆದಾರ.

ಅವನು ಕೇಳುತ್ತಿದ್ದದ್ದು ಒಂದೇ ವಸ್ತು.

"ಮುನೇಶಣ್ಣ, ಹಾಡಿನಾಗಿಂದ ಪೇಟಿ ಅಷ್ಟ ತಗಿಯೋದು ಬಂತೇನ್ರಿ?"

"ಇನ್ನೂ ಬಂದಿಲ್ಲ ಗುರು. ಗಿಟಾರ್ ತಂತಿ ಬಂದಿದೆ, ತಗೊಂಡ್ಹೋಗು."

"ನನ್ನ ಹಂತೇಕ ಗಿಟಾರ ಇಲ್ಲಲ್ರಿ."

"ಅದೂ ಇದೆ, ಕೊಡ್ತೀನಿ."

ಪೇಟಿ ಅಂದರೆ ಅವರ ಕಡೆ ಹಾರ್ಮೋನಿಯಂ. ಅವರ ಕಡೆ ಅಂದರೆ ಗೋಕಾಕದ ಹತ್ತಿರದ ಒಂದು ಹಳ್ಳಿ. ಇಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವನಿಗೆ ಕೆಲಸ. ಅಟ್ಟೂರು ಲೇಔಟಿನಲ್ಲಿ ಹೆಂಡತಿ ಸ್ಮಿತಾ ಜೊತೆ ಬಾಡಿಗೆ ಮನೆ. ಸಂಜೆ ಮತ್ತು ಭಾನುವಾರ ನನ್ನ ಅಂಗಡಿಯ ಮೇಲೆ ಸ್ಟುಡಿಯೊ. ಸ್ಟುಡಿಯೊ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಕಂಪ್ಯೂಟರು, ಒಂದು ಮೈಕು, ಗೋಡೆಗೆ ಹೊಡೆದ ಹಳೇ ಜಮಖಾನೆ. ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿಗೆ ಹಾಡು ಕತ್ತರಿಸಿ ಕೊಡುವುದು, ಅಮೃತಹಳ್ಳಿಯ ಭಜನಾ ಮಂಡಳಿಗೆ ಸಿಡಿ ಮಾಡಿಕೊಡುವುದು, ಎಲೆಕ್ಷನ್ ಬಂದರೆ ಆಟೋಗಳಿಗೆ ಕಟ್ಟುವ ಪ್ರಚಾರ. ಬೆಳಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ದನಿ ಮಾತ್ರ ಎರಡಕ್ಕೂ ಅವನದೇ. ಮತದಾರರು ಮೋಸ ಹೋಗಿದ್ದರೆ ಒಬ್ಬನೇ ಮನುಷ್ಯನಿಂದ ಹೋದರು.

ಇದೆಲ್ಲ ನಡೆಯುವುದು ಒಂದು ಸಾಫ್ಟ್‌ವೇರಿನೊಳಗೆ. ಅದರ ಹೆಸರು ಹೇಳುವುದಿಲ್ಲ. ನನಗೆ ಕಮಿಷನ್ ಕೊಡದವರಿಗೆ ಪುಕ್ಕಟೆ ಪ್ರಚಾರ ಯಾಕೆ? ಅದನ್ನು ತೆರೆದರೆ ಪರದೆಯ ಮೇಲೆ ಒಂದರ ಕೆಳಗೊಂದು ಪಟ್ಟಿ ಕಾಣುತ್ತದೆ. ಹಾಡುಗಾರನಿಗೆ ಒಂದು ಪಟ್ಟಿ, ತಬಲಾಗೆ ಒಂದು, ಕೊಳಲಿಗೆ ಒಂದು. ಯಾವುದು ಬೇಕೋ ಅದನ್ನು ಏರಿಸಬಹುದು, ಇಳಿಸಬಹುದು, ಬೇಡದ್ದರ ಬಾಯಿ ಮುಚ್ಚಿಸಬಹುದು. ಆದರೆ ಒಂದೇ ಮೈಕಿನಲ್ಲಿ ಇಬ್ಬರನ್ನು ಹಿಡಿದರೆ ಇಬ್ಬರೂ ಒಂದೇ ಪಟ್ಟಿಯೊಳಗೆ ಬೀಳುತ್ತಾರೆ. ಆಮೇಲೆ ಅವರನ್ನು ಬೇರೆ ಮಾಡುವವರು ಆಗ ಯಾರೂ ಇರಲಿಲ್ಲ. ಸಿದ್ದಲಿಂಗನ ಕಷ್ಟವೆಲ್ಲ ಅಂಥ ಒಂದು ಪಟ್ಟಿಯದು.

ಎರಡು ಸಾವಿರದ ಒಂಬತ್ತರ ಬೇಸಿಗೆ. ಸಿದ್ದಲಿಂಗನ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಊರಿಂದ ಅವನ ಅಕ್ಕ ನೀಲಕ್ಕ, ಅಕ್ಕನ ಗಂಡ ಅಪ್ಪಾಸಾಹೇಬರು ಬಂದಿದ್ದರು. ನೀಲಕ್ಕ ಅವರೂರ ಭಜನೆಯಲ್ಲಿ ಹೆಸರಾದ ಹಾಡುಗಾರ್ತಿ. ಗಂಡ ಪೇಟಿ ಬಾರಿಸಬೇಕು, ಹೆಂಡತಿ ಹಾಡಬೇಕು. ಸುತ್ತಲ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಇವರಿಬ್ಬರನ್ನೂ ಕರೆಯದ ಗುಡಿ ಇಲ್ಲ. ಅಷ್ಟು ವರ್ಷ ಹಾಡಿದರೂ ಅವಳ ಹಾಡನ್ನು ಒಬ್ಬರೂ ರೆಕಾರ್ಡಿನಲ್ಲಿ ತುಂಬಿಟ್ಟುಕೊಂಡಿರಲಿಲ್ಲ. ದಿನಾ ಸಿಗುವ ಮಾಲನ್ನು ಯಾರೂ ಸ್ಟಾಕ್ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ.

ಸಿದ್ದಲಿಂಗ ಅವರನ್ನು ಮೇಲಿನ ಕೋಣೆಗೆ ಕರಕೊಂಡು ಬಂದ. ಫ್ಯಾನ್ ತಿರುಗಿದರೆ ಮೈಕು ಹಿಡಿಯುತ್ತದೆಂದು ಫ್ಯಾನ್ ಬಂದ್. ಬಸ್ಸಿನ ಹಾರನ್ ಬರದಿರಲೆಂದು ಕಿಟಕಿ ಬಂದ್. ನಾನು ಕೆಳಗಿನ ಶಟರ್ ಅರ್ಧ ಎಳೆದು, ಬೆವರು ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ನಿಂತಿದ್ದೆ. ಅವನ ಲೆಕ್ಕಾಚಾರ, ಅಕ್ಕನನ್ನು ಒಳಗಿನ ಸಣ್ಣ ರೂಮಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಕೊಟ್ಟು ಬೇರೆ ಹಿಡಿಯುವುದು, ಪೇಟಿ ಬೇರೆ ಹಿಡಿಯುವುದು. ನೀಲಕ್ಕ ಒಪ್ಪಲಿಲ್ಲ.

"ಅವರ ಮಾರಿ ಕಾಣದ ನಾ ಹ್ಯಾಂಗ ಹಾಡ್ಲೋ?"

"ಕಿವ್ಯಾಗ ಕೇಳ್ತೈತಿ ಅಕ್ಕಾ."

"ಕಿವ್ಯಾಗ ಪೇಟಿ ಕೇಳ್ತೈತಿ. ಮಾರಿ ಕೇಳ್ತೈತೇನು?"

ಸರಿ, ಇಬ್ಬರನ್ನೂ ಮುಖ ಕಾಣುವ ಹಾಗೆ ಎದುರುಬದುರು ಕೂರಿಸಿ, ಮೈಕನ್ನು ಅಕ್ಕನ ಬಾಯಿಗೆ ಹತ್ತಿರ ಇಟ್ಟು, ಸಿದ್ದಲಿಂಗ ಕಂಪ್ಯೂಟರಿನ ಕಡೆ ತಿರುಗಿದ. ಅಪ್ಪಾಸಾಹೇಬರು ಗಂಟಲು ಸರಿಮಾಡಿಕೊಂಡು, ಕೈ ಚಾಚಿ, ಮೈಕಿನ ಕಾಲನ್ನು ನಿಧಾನಕ್ಕೆ ತಮ್ಮ ಪೇಟಿಯ ಮುಂದಕ್ಕೆ ಎಳೆದುಕೊಂಡರು.

ಸಿದ್ದಲಿಂಗ ನೋಡಿದ. ನಾನೂ ನೋಡಿದೆ. ಅವನ ಕಿವಿಯಲ್ಲಿ ಹೇಳಿದೆ, "ಹೇಳೋ ಅವರಿಗೆ, ಆ ಕಡೆ ಸರಿಸಿ ಅಂತ."

"ಹ್ಯಾಂಗ ಹೇಳ್ಲಿ ಅಣ್ಣಾ? ಅಳಿಯ ಅದಾರ."

"ನಿನಗೇನು ಅಳಿಯ? ಭಾವ ಅಲ್ವಾ?"

"ನನಗ ಮಾವ, ಮನಿಗೆ ಅಳಿಯ. ಎಳಕೊಂಡದ್ದನ್ನ ಬಿಡ್ರಿ ಅಂದ್ರ ಎದ್ದು ಹೋಗ್ರಿ ಅಂದಂಗ ಆಗ್ತೈತಿ. ನಮ್ಮ ಅಪ್ಪ ಇದ್ರ ಅವನೂ ಅಂತಿದ್ದಿಲ್ಲ."

ನಮ್ಮ ಕಡೆಯೂ ಅಳಿಯನಿಗೆ ಮರ್ಯಾದೆ ಇದೆ, ಇಲ್ಲವೆನ್ನುವುದಿಲ್ಲ. ಹೆಚ್ಚೆಂದರೆ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸುತ್ತೇವೆ. ಮೈಕು ಬಿಟ್ಟುಕೊಡುವಷ್ಟು ಇಲ್ಲ. ಸಿದ್ದಲಿಂಗ ಬಾಯಿಮುಚ್ಚಿಕೊಂಡು ಗುಂಡಿ ಒತ್ತಿದ. ನೀಲಕ್ಕ ಗಂಡನ ಮುಖ ನೋಡುತ್ತಾ ಹಾಡಿದಳು. ಆ ಕೋಣೆಯಲ್ಲಿ ನನಗೆ ಕೇಳಿಸಿದ್ದಂತೂ ಬೇರೆಯೇ. ಬೆವರು ಒರೆಸಿಕೊಳ್ಳುವುದನ್ನು ಮರೆತಿದ್ದೆ. ಆದರೆ ಸ್ಪೀಕರಿನಲ್ಲಿ ಕೇಳಿದಾಗ ಪೇಟಿಯದೇ ದರಬಾರು. ನೀಲಕ್ಕ ಅದರ ಹಿಂದೆ, ಬಾಗಿಲಾಚೆಗೆ ನಿಂತು ಹಾಡಿದವಳ ಹಾಗೆ. ಹಾಡು ಮೇಲಕ್ಕೆ ಹತ್ತಿದ ಕಡೆಯಂತೂ ಅವಳು ಇದ್ದಾಳೋ ಇಲ್ಲವೋ ಗೊತ್ತಾಗದಷ್ಟು ಪೇಟಿ.

"ಮುಂದಿನ ಸಲ ಬಂದಾಗ ಚಲೋತ್ನಾಗಿ ಮಾಡೂಣು," ಅಂದ ಸಿದ್ದಲಿಂಗ. ಮಾರನೇ ದಿನ ಅವರು ಬಸ್ಸು ಹತ್ತಿದರು.

ಮುಂದಿನ ಸಲ ಬರಲಿಲ್ಲ. ನೀಲಕ್ಕನ ಗಂಟಲಲ್ಲಿ ಗಡ್ಡೆ ಬೆಳೆಯಿತು. ತೆಗೆಸಿದರು. ಜೀವ ಉಳಿಯಿತು, ಕಂಠ ಹೋಯಿತು. ಆಮೇಲೆ ಉಳಿದದ್ದು ಒಣಗಿದ ಜೋಳದ ದಂಟು ಮುರಿದ ಹಾಗಿನ ಒಂದು ಸದ್ದು. ಅದರಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಅನ್ನಬಹುದು, ಅಷ್ಟೇ. ಇನ್ನೆರಡು ವರ್ಷಕ್ಕೆ ಅಪ್ಪಾಸಾಹೇಬರೂ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಮಕ್ಕಳಿರಲಿಲ್ಲ. ತಮ್ಮ ಹೋಗಿ ಅಕ್ಕನನ್ನು ಅಟ್ಟೂರಿಗೆ ಕರೆತಂದ. ಪೇಟಿಯನ್ನು ಊರಿನ ಗುಡಿಗೆ ಕೊಟ್ಟು ಬಂದರು.

ಅಂದಿನಿಂದ ಅವನಿಗೆ ಒಂದೇ ಹುಚ್ಚು. ಆ ಪಟ್ಟಿಯೊಳಗೆ ಅಕ್ಕನ ದನಿ ಇದೆ. ಅದನ್ನೊಂದನ್ನೇ ಹೊರಗೆ ತೆಗೆದು ಅಕ್ಕನಿಗೆ ಕೇಳಿಸಬೇಕು.

ಸೋಮವಾರ ಅವರ ಬೀದಿಯ ಹೆಂಗಸರು ಭಜನೆಗೆ ಸೇರುತ್ತಾರೆ. ಮುಂದೆ ಕೂತು ಹಾಡುವವರು ಗೋಪಾಲಮ್ಮ; ದೇವರಿಗೆ ತಾಳ್ಮೆ ಇದೆ ಎನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ. ನೀಲಕ್ಕ ಹಿಂದಿನ ಸಾಲಿನಲ್ಲಿ ತಾಳ ಹಾಕುತ್ತಾಳೆ. ಸಿದ್ದಲಿಂಗ ಒಂದು ಸಲ ಕರೆಯಲು ಹೋದವನು ಬಾಗಿಲಲ್ಲೇ ನಿಂತು ನೋಡಿದನಂತೆ. ಅಕ್ಕನ ತುಟಿ ಆಡುತ್ತಿತ್ತು. ಗೋಪಾಲಮ್ಮ ತಪ್ಪಿದ ಕಡೆಯಲ್ಲೆಲ್ಲ ಅಕ್ಕನ ತುಟಿ ಸರಿಯಾದ ಜಾಗಕ್ಕೆ ಹೋಗಿ ಕಾಯುತ್ತಿತ್ತು. ನನಗೆ ಇದನ್ನು ಹೇಳಿ, ಎದ್ದು, ಮೇಲಿನ ಕೋಣೆಗೆ ಹೋದ. ಆ ದಿನ ನಾನು ತಮಾಷೆ ಮಾಡಲಿಲ್ಲ.

ಈ ಸಾಫ್ಟ್‌ವೇರಿನವರಿಗೆ ವರ್ಷಕ್ಕೊಂದು ಹೊಸ ವರ್ಷನ್ ಬಿಡುವ ಕಾಯಿಲೆ. ಹಳೇ ಸೀರೆಗೆ ಹೊಸ ಅಂಚು ಹಚ್ಚಿ ಮಾರುವುದನ್ನು ಚಿಕ್ಕಪೇಟೆಯವರಿಂದಲೇ ಕಲಿತಿರಬೇಕು. ಬಿಡುಗಡೆಗೆ ತಿಂಗಳಿರುವಾಗಲೇ ಸಿದ್ದಲಿಂಗ ಇಂಟರ್‌ನೆಟ್ಟಿನಲ್ಲಿ ಹೊಸ ಸವಲತ್ತುಗಳನ್ನೆಲ್ಲ ಓದಿ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಹೇಳುತ್ತಿದ್ದ. ಬೇರೆಯವರು ಹೆಣ್ಣು ನೋಡಲು ಹೋಗುವಾಗಲೂ ಮುಖದ ಮೇಲೆ ಅಷ್ಟು ಆಸೆ ಇರುವುದಿಲ್ಲ.

ಒಂದು ವರ್ಷ, ಹಾಡಿನ ನಡುಮಧ್ಯದ ದನಿಯನ್ನು ಕಳೆಯುವ ಗುಂಡಿ ಬಂತು. ಎಡಕ್ಕೊಂದು ಬಲಕ್ಕೊಂದು ಬೇರೆ ಹಿಡಿದ ಹಾಡಿಗೆ ಮಾತ್ರ ಅದು. ಇವನದು ಒಂದೇ ಮೈಕಿನ ಹಾಡು. ಒತ್ತಿದರೆ ಅಕ್ಕನೂ ಇಲ್ಲ, ಮಾವನೂ ಇಲ್ಲ, ಪೂರ್ತಿ ಮೌನ. ಇನ್ನೊಂದು ವರ್ಷ, ಹಾಡಿದ ಒಂದೊಂದು ಸ್ವರವನ್ನೂ ಪರದೆಯ ಮೇಲೆ ಅವರೆಕಾಳಿನ ಹಾಗೆ ಉದುರಿಸಿ ತೋರಿಸುವುದು ಬಂತು. ಯಾವ ಕಾಳು ಕೆಟ್ಟಿದೆಯೋ ಅದನ್ನು ಎತ್ತಿ ಸರಿಯಾದ ಜಾಗಕ್ಕೆ ಇಡಬಹುದು. ಇವನ ಹಾಡಿನಲ್ಲಿ ಕಾಳುಗಳೇ ಬಿಡಿಸಿಕೊಳ್ಳಲಿಲ್ಲ.

"ಪೇಟಿ ಅಕ್ಕನ ಬೆನ್ನ ಹಿಂದನ ಹೋಗ್ತೈತ್ರಿ. ಆಕಿ ಎಲ್ಲಿ ಕಾಲಿಡ್ತಾಳ, ಅಲ್ಲೇ ಇದೂ ಇಡ್ತೈತಿ. ಎರಡಕ್ಕೂ ಒಂದ ಹೆಜ್ಜಿ ಅಂತ ತಿಳಕೊಳ್ತೈತಿ ಸಾಫ್ಟ್‌ವೇರು."

"ಗಂಡ ಹೆಂಡತಿ ಅಲ್ವಾ, ಬಿಡು."

"ಆ ಮೈಕೊಂದು ಎಳಕೊಳ್ದ ಇದ್ದಿದ್ರ," ಅಂದ ಸಿದ್ದಲಿಂಗ. ಸತ್ತವರ ಮಾತಾದರೂ ದನಿ ತಗ್ಗಿಸಿಯೇ ಅಂದ, ಅಳಿಯ ನೋಡಿ. "ತಮ್ಮ ಪೇಟಿ ಕೇಳ್ಬೇಕು ಜಗತ್ತಿಗೆ. ಅಕ್ಕನ ಹಾಡು ಹೋದ್ರ ಹೋಗ್ಲಿ."

ಆಮೇಲೊಂದು ವರ್ಷ, ಸದ್ದನ್ನು ಚಿತ್ರವಾಗಿ ತೋರಿಸುವುದು ಬಂತು. ಕೆಂಪು, ಹಳದಿ, ನೇರಳೆ ಬಣ್ಣದ ಎಳೆಗಳು. ಬೇಡದ ಎಳೆಯನ್ನು ರಬ್ಬರಿನಲ್ಲಿ ಅಳಿಸಿದ ಹಾಗೆ ಅಳಿಸಬಹುದು. ಸಿದ್ದಲಿಂಗ ಇಡೀ ದಸರಾ ರಜೆಯಲ್ಲಿ ಕೂತು ಅಳಿಸಿದ. ಸ್ಮಿತಾ ಮಗಳನ್ನು ಕರಕೊಂಡು ಅಂಗಡಿಗೆ ಬಂದು ಮೇಲೆ ನೋಡಿ ಹೇಳಿದಳು, "ನಮ್ಮ ಮನಿಯವರಿಗೆ ಎರಡು ಸಂಸಾರ ಅಣ್ಣಾರ. ಒಂದು ಅಟ್ಟೂರಾಗ, ಒಂದು ನಿಮ್ಮ ಅಂಗಡಿ ಮ್ಯಾಲ. ಅಟ್ಟೂರಿಂದು ಸಣ್ಣ ಮನಿ."

ರಜೆ ಮುಗಿಯುವ ದಿನ ಅವನು ಅಳಿಸಿದ್ದನ್ನು ಕೇಳಿಸಿದ. ಆರ್‌.ಟಿ. ನಗರದ ಗಯಾಸನೂ ಬಂದಿದ್ದ. ಮದುವೆಗಳಿಗೆ ಸೌಂಡ್ ಹಾಕುವವನು, ನನ್ನ ಹಳೇ ಗಿರಾಕಿ, ಹೊಸ ಮಾಲು ಏನು ಬಂದರೂ ಮೊದಲು ಮೂಸುವವನು. ಹಾಡು, ನೀಲಕ್ಕ ಬಾಯಲ್ಲಿ ನೀರು ಹಾಕಿಕೊಂಡು ಮುಕ್ಕಳಿಸಿದ ಹಾಗೆ ಕೇಳಿತು.

"ಮಚ್ಚಾ," ಅಂದ ಗಯಾಸ್, "ಸಾಂಬಾರಿಗೆ ಹಾಕಿದ ಉಪ್ಪು ವಾಪಸ್ ತೆಗೀತೀನಿ ಅಂತ ಕೂತಿದ್ದೀಯಲ್ಲೋ."

"ಉಪ್ಪು ಎಲ್ಲಿ ಹೋಗೈತ್ರಿ? ಅದರಾಗ ಐತಿ."

"ಐತೆ ಗುರು. ಕುಡಿದ್ರೆ ಗೊತ್ತಾಗ್ತದೆ. ಕೈಗೆ ಸಿಗಲ್ಲ."

ಹೀಗೆ ವರ್ಷಗಳು ಹೋದವು. ಕಂಪ್ಯೂಟರು ಬದಲಾಯಿತು, ಡಿಸ್ಕುಗಳು ಕೆಟ್ಟವು. ಪ್ರತಿ ಹೊಸ ಡಿಸ್ಕಿಗೂ ಮೊದಲು ಹೋಗುತ್ತಿದ್ದದ್ದು ಆ ಹಾಡು, ಹೊಸ ಮನೆಗೆ ಮೊದಲು ಹಸುವನ್ನು ನುಗ್ಗಿಸುವ ಹಾಗೆ. ಅಕ್ಕನಿಗೆ ಮಾತ್ರ ಅವನು ಇದೊಂದನ್ನೂ ಹೇಳಿರಲಿಲ್ಲ. ಆಸೆ ಹುಟ್ಟಿಸಿ ಕೊಡದಿದ್ದರೆ ಎನ್ನುವ ಭಯ. ಅವಳೂ ಕೇಳಿರಲಿಲ್ಲ. ಆ ಮಧ್ಯಾಹ್ನ ತುಂಬಿದ ಹಾಡು ಏನಾಯಿತು ಎಂದು ಒಂದು ದಿನವಾದರೂ ಯಾಕೆ ಕೇಳಲಿಲ್ಲ ಎನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಶುರುವಿನಲ್ಲಿ ಗಯಾಸನೇ ಫೋನು ಮಾಡಿದ. "ನಿಮ್ಮ ಉಪ್ಪಿನವನಿಗೆ ಹೇಳಿ ಅಣ್ಣ, ಬಂದೈತೆ. ರಾಶಿ ಹಾಡು ಕೇಳಿಸಿ ಅದಕ್ಕೆ ಕಲಿಸವ್ರೆ. ಮನುಷ್ಯನ ಗಂಟಲು ಯಾವುದು, ವಾದ್ಯ ಯಾವುದು ಅಂತ ಅದೇ ಕಂಡುಹಿಡೀತದೆ."

ಅಲ್ಲಿಯವರೆಗೆ ಸಿದ್ದಲಿಂಗ ಬಳಸಿದ್ದೆಲ್ಲ ಎಸ್‌.ಪಿ. ರೋಡಿನ ನಕಲಿ ಮಾಲು. ಇದನ್ನು ಮಾತ್ರ ಅಸಲಿಯೇ ಕೊಂಡ. ಅಕ್ಕನ ಕೆಲಸಕ್ಕೆ ಕದ್ದದ್ದು ಬೇಡ ಅಂದ. ವ್ಯಾಪಾರಿಯಾಗಿ ನನಗೆ ಅದು ಅತಿ ಅನ್ನಿಸಿತು.

ಶನಿವಾರ ಮಧ್ಯಾಹ್ನ ಮೇಲಿನಿಂದ ಕೂಗಿದ. ಹೋದೆ. ಪರದೆಯ ಮೇಲೆ ಸಾಲಾಗಿ ಕೆಲವು ಕಡ್ಡಿಗಳಿದ್ದವು. ದನಿಗೆ ಒಂದು, ತಾಳವಾದ್ಯಕ್ಕೆ ಒಂದು, ಉಳಿದದ್ದಕ್ಕೆಲ್ಲ ಒಂದು. ಉಳಿದದ್ದರ ಕಡ್ಡಿಯನ್ನು ಅವನು ಕೆಳಕ್ಕೆ ಎಳೆದ. ಪೇಟಿ ದೂರ ಹೋಯಿತು, ಇನ್ನೂ ದೂರ, ಆಮೇಲೆ ಇಲ್ಲ. ನೀಲಕ್ಕ ಉಳಿದಳು. ಸ್ವಲ್ಪ ನೀರೊಳಗಿಂದ ಬಂದ ಹಾಗಿತ್ತು, ಅಂಚುಗಳು ಹರಿದಿದ್ದವು. ಆದರೆ ಅವಳೇ. ಸಿದ್ದಲಿಂಗ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಮುಟ್ಟಿದರೆ ಹಾಳಾದೀತು ಎನ್ನುವ ಹಾಗೆ.

ಹಾಡು ಮೇಲಕ್ಕೆ ಹತ್ತಿತು. ಅಲ್ಲಿ ದನಿ ಒಡೆಯಿತು.

"ಇದು ಸಾಫ್ಟ್‌ವೇರಿನ ಗುಣ," ಅಂದ. ಏನೇನೋ ಬದಲಿಸಿ ಮತ್ತೆ ಹಾಕಿದ. ಮತ್ತೆ ಅಲ್ಲೇ ಒಡೆಯಿತು. ಎರಡನೇ ಚರಣದಲ್ಲೂ ಮೇಲೆ ಹೋದಾಗ ಒಡೆಯಿತು. ಮಾಲಿನ ದೋಷ ಯಾವುದು, ಪ್ಯಾಕಿಂಗಿನ ದೋಷ ಯಾವುದು ಎನ್ನುವುದು ಅಂಗಡಿಯವನಿಗೆ ತಿಳಿಯುತ್ತದೆ. ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಯಾರೋ ಕಾಯ್ತಿದ್ದಾರೆ ಎಂದು ಕೆಳಗಿಳಿದೆ. ಯಾರೂ ಕಾಯುತ್ತಿರಲಿಲ್ಲ.

ಅವನು ಸಂಜೆಯವರೆಗೆ ಕೂತು, ಒಡೆದ ಕಡೆಯಲ್ಲೆಲ್ಲ ಆ ಅವರೆಕಾಳಿನ ವಿದ್ಯೆಯಿಂದ ಸ್ವರ ಎತ್ತಿ ಕೂರಿಸಿದ. ಈಗ ಕಾಳು ಬಿಡಿಬಿಡಿಯಾಗಿ ಸಿಗುತ್ತಿತ್ತಲ್ಲ. ಭಾನುವಾರ ಮಧ್ಯಾಹ್ನ ನನ್ನನ್ನೂ ಅಟ್ಟೂರಿಗೆ ಕರೆದ. "ನೀವೂ ಅಲ್ಲೇ ಇದ್ರಿ ಅವತ್ತ. ಬರ್ರಿ."

ನೀಲಕ್ಕ ಗೋಡೆಗೆ ಒರಗಿ ಕೂತು ಮೊಮ್ಮಗಳ ವಯಸ್ಸಿನ ಸೊಸೆಗೆ, ಅಂದರೆ ತಮ್ಮನ ಮಗಳಿಗೆ, ಜಡೆ ಹಾಕುತ್ತಿದ್ದಳು. ಸ್ಮಿತಾ ಚುರುಮುರಿ ಕೊಟ್ಟಳು. ಸಿದ್ದಲಿಂಗ ಲ್ಯಾಪ್‌ಟಾಪು ಇಟ್ಟು, ನನ್ನ ಅಂಗಡಿಯಿಂದ ತಂದ ಸ್ಪೀಕರ್ ಜೋಡಿಸಿ, ಏನೂ ಹೇಳದೆ ಹಾಕಿದ.

ಮೊದಲ ಸಾಲಿಗೆ ನೀಲಕ್ಕನ ಕೈ ಜಡೆಯಲ್ಲೇ ನಿಂತಿತು. ಹುಡುಗಿ ತಿರುಗಿ ಅತ್ತೆಯ ಮುಖ ನೋಡಿದಳು. ಹಾಡು ಮೇಲಕ್ಕೆ ಹತ್ತಿ, ನುಣ್ಣಗೆ ಹತ್ತಿ, ನುಣ್ಣಗೆ ಇಳಿಯಿತು.

"ನಿಲ್ಲಸು," ಅಂದಳು ನೀಲಕ್ಕ. "ಇದು ನಂದಲ್ಲ."

"ನಿಂದ ಅಕ್ಕಾ. ಅವತ್ತ ತುಂಬಿದ್ದು. ಪೇಟಿ ತಗದೇನಿ."

"ದನಿ ನಂದು. ಮ್ಯಾಲ ಹೋಗಿದ್ದು ನಾ ಅಲ್ಲ. ಅಲ್ಲಿ ನಂದು ಒಡದಿತ್ತು."

ಸಿದ್ದಲಿಂಗ ನನ್ನ ಕಡೆ ನೋಡಿದ. ನಾನು ಚುರುಮುರಿಯಲ್ಲಿ ಶೇಂಗಾ ಹುಡುಕುತ್ತಿದ್ದೆ.

"ನಾ ರಿಪೇರಿ ಮಾಡೇನಿ," ಅಂದ.

"ಅವಾಗಿನ್ನೂ ಗಡ್ಡಿ ಹೊರಗ ಕಂಡಿದ್ದಿಲ್ಲ." ಆ ಮುರುಕು ದನಿಯಲ್ಲಿ ಒಂದೊಂದು ಮಾತಿಗೂ ಅವಳು ಉಸಿರು ಕೂಡಿಸಿಕೊಳ್ಳಬೇಕಿತ್ತು. "ಮ್ಯಾಲ ಹೋದ್ರ ಒಡೀತಿತ್ತು. ಯಾರಿಗೂ ಹೇಳಿದ್ದಿಲ್ಲ, ಅವರಿಗಷ್ಟ ಗೊತ್ತಿತ್ತು. ನೀ ಹಾಡು ತುಂಬೂಣು ಅಂದಾಗ ನಾ ಒಲ್ಲೆ ಅಂದಿದ್ದೆ. ತಮ್ಮ ಅಷ್ಟು ಆಸೆಲೆ ಕರೀತಾನ, ನಡಿ, ನಾ ಅದೀನಿ ಅಂದ್ರು. ಒಡಿಯೋ ಕಡೆ ಪೇಟಿ ಜೋರ ಮಾಡಿದ್ರು. ಮೈಕು ಅದಕ್ಕ ಎಳಕೊಂಡ್ರು."

ಸಿದ್ದಲಿಂಗ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಇಳಿಸಿದ, ಮತ್ತೆ ಎತ್ತಿದ. ಹತ್ತು ವರ್ಷ ಯಾರನ್ನು ಹೊರಗೆ ಹಾಕಲು ಅವನು ಹೆಣಗಿದ್ದನೋ ಅವರು ಆ ಮಧ್ಯಾಹ್ನ ಮಾಡುತ್ತಿದ್ದ ಕೆಲಸ ಇದು. ಅವನ ಮುಖ ನೋಡಲು ನನಗೆ ಆಗಲಿಲ್ಲ.

"ಪೇಟಿ ಎಲ್ಲಿ ಹಾಕಿದಿ? ಒಗದಿಯೇನು?" ಕೇಳಿದಳು ನೀಲಕ್ಕ.

"ಇಲ್ಲ ಅಕ್ಕಾ. ಐತಿ. ಬ್ಯಾರೆ ಇಟ್ಟೈತಿ ಇದು."

"ಅದನ್ನ ಹಚ್ಚು."

ದನಿಯ ಕಡ್ಡಿ ಇಳಿಸಿ, ಉಳಿದದ್ದರ ಕಡ್ಡಿ ಏರಿಸಿದ. ಅಪ್ಪಾಸಾಹೇಬರ ಪೇಟಿ ಕೋಣೆ ತುಂಬಿತು. ಹಾಡು ಇದ್ದ ಜಾಗ ಖಾಲಿ. ಅಲ್ಲಲ್ಲಿ ಅವಳ ಉಸಿರಿನ ನೆರಳು ಮಾತ್ರ ಅಂಟಿಕೊಂಡಿತ್ತು. ಈಗ ಬಿಡಿಯಾಗಿ ಕೇಳಿದರೆ ನನ್ನಂಥವನಿಗೂ ಗೊತ್ತಾಗುತ್ತಿತ್ತು: ಪೇಟಿ ಸುಮ್ಮನೆ ಜೋರಾಗಿರಲಿಲ್ಲ. ಕೆಳಗಿನ ಸಾಲುಗಳಲ್ಲಿ ಮೆಲ್ಲಗೆ ಬಂದು, ಮೇಲಕ್ಕೆ ಹೋಗುವ ಒಂದು ಉಸಿರು ಮುಂಚೆ ತಿದಿ ತುಂಬಿಕೊಳ್ಳುತ್ತಿತ್ತು. ಹಾಡುವವಳ ಮುಖ ನೋಡುತ್ತಾ ಬಾರಿಸಿದ ಪೇಟಿ.

ನೀಲಕ್ಕ ಪೂರ್ತಿ ಕೇಳಿದಳು. ಕಣ್ಣೀರು ಗಿಣ್ಣೀರು ಇಲ್ಲ. ಆಮೇಲೆ, ಅಂಗಡಿಯಲ್ಲಿ ಸೀರೆ ಆರಿಸುವವಳ ಹಾಗೆ, "ಎತ್ತರ ಆತು. ಇಳಸಾಕ ಬರ್ತೈತೇನು?" ಅಂದಳು.

ಶ್ರುತಿ ಇಳಿಸುವುದು ಆ ಸಾಫ್ಟ್‌ವೇರಿನ ಅತಿ ಹಳೇ ವಿದ್ಯೆ. ಯಾವ ಹೊಸ ವರ್ಷನ್ನೂ ಬೇಕಿರಲಿಲ್ಲ. ಸಿದ್ದಲಿಂಗ ಒಂದು ಸ್ವರದಷ್ಟು ಇಳಿಸಿ ಹಾಕಿದ.

"ಇನ್ನ."

ಮತ್ತೆ ಇಳಿಸಿದ.

"ಇನ್ನೂ ಇಳಸು. ಈಗಿನ ನನ್ನ ಗಂಟಲಿಗೆ ಬರ್ಲಿ."

ಪೇಟಿ ಗಂಡಸಿನ ಗಂಟಲಿನಷ್ಟು ಕೆಳಗೆ ಬಂದಾಗ ಅವಳು ಕೈ ಎತ್ತಿದಳು. "ಹಾಂ. ಇಲ್ಲಿ ಇರ್ಲಿ. ಹಚ್ಚೋದು ಹ್ಯಾಂಗ ತೋರ್ಸು."

ತಮ್ಮ ತೋರಿಸಿದ. ಯಾವ ಗುಂಡಿ, ಯಾವಾಗ ಒತ್ತಬೇಕು. ಅವಳು ಒಂದು ಸಲ ಒತ್ತಿ, ನಿಲ್ಲಿಸಿ, ತಲೆಯಾಡಿಸಿದಳು.

"ಈಗ ನೀವೆಲ್ಲಾರೂ ಹೊರಗ ಹೋಗ್ರಿ. ಅಣ್ಣಾರ, ನೀವೂ."

ಹೊರಗೆ ಬಂದೆವು. ಒಳಗಿಂದ ಚಿಲಕ ಬಿತ್ತು. ಸ್ಮಿತಾ ಮಗಳ ಅರ್ಧ ಜಡೆ ಪೂರ್ತಿ ಮಾಡುತ್ತಾ ಮೆಟ್ಟಿಲ ಮೇಲೆ ಕೂತಳು. ಸಿದ್ದಲಿಂಗ ಕಿಟಕಿಯ ಪಕ್ಕ ಗೋಡೆಗೆ ಒರಗಿ ಜೇಬಿನಿಂದ ಫೋನು ತೆಗೆದ.

"ರೆಕಾರ್ಡ್ ಮಾಡ್ಲೇನ್ರಿ?" ಅಂದ, ಪಿಸುದನಿಯಲ್ಲಿ.

"ಅವರು ನಮ್ಮನ್ನ ಹೊರಗೆ ಕಳಿಸಿದ್ದು ಯಾಕಪ್ಪಾ?"

ಫೋನು ಕೈಯಲ್ಲೇ ಇತ್ತು. ಒತ್ತಲಿಲ್ಲ, ಒಳಗೂ ಇಡಲಿಲ್ಲ.

ಪೇಟಿ ಶುರುವಾಯಿತು. ಮೊದಲ ಸಾಲು ಖಾಲಿ ಹೋಯಿತು. ಎರಡನೇ ಸಾಲಿಗೆ ಪೇಟಿಯ ಕೆಳಗೆ ಏನೋ ಕೂಡಿಕೊಂಡಿತು. ಹಾಡು ಅನ್ನಲಾರೆ, ಒರಟು ನೆಲದ ಮೇಲೆ ಗೋಣಿ ಎಳೆದ ಹಾಗಿನ ಒಂದು ಸದ್ದು. ಆದರೆ ಅದು ಪೇಟಿಯ ಜೊತೆಯಲ್ಲೇ ನಡೆಯುತ್ತಿತ್ತು, ಎಡವದೆ. ಸಿದ್ದಲಿಂಗ ಕಿವಿಯನ್ನು ಕಿಟಕಿಯ ಕಂಬಿಗೆ ಒತ್ತಿದ. ಸಾಲುಗಳು ಒಂದೊಂದಾಗಿ ಹೋದವು. ಹಾಡು ಮೇಲಕ್ಕೆ ಹತ್ತುವ ಜಾಗ ಬರುತ್ತಿದೆ ಎಂದು ಈ ಹತ್ತು ವರ್ಷ ಅದನ್ನೇ ಕೇಳಿದ ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ಉಸಿರು ಹಿಡಿದ.

ಅಲ್ಲಿಗೆ ಬಂದಾಗ ಅಪ್ಪಾಸಾಹೇಬರು ಪೇಟಿ ಜೋರು ಮಾಡಿದರು. ಅದರೊಳಗೆ ನೀಲಕ್ಕನ ಗಂಟಲು ಮೇಲೆ ಹೋಯಿತೋ, ಒಡೆಯಿತೋ, ಹೊರಗೆ ನಿಂತ ನಮಗೆ ಕೇಳಿಸಲಿಲ್ಲ.